ಲಕ್ಷಗಟ್ಟಲೆ ಕ್ಯಾಶ್ ಫೈಲ್‌ಗಳನ್ನು ಸರ್ವರ್ ಕುಸಿಯದಂತೆ ಅಳಿಸುವುದು ಹೇಗೆ?

ತುಂಗಾತೀರ (ಶಿವಮೊಗ್ಗ), ಸೋಮವಾರ ರಾತ್ರಿ 9.20

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಭಾವ ಸೇರಿ ಹನ್ನೆರಡು ವರ್ಷಗಳಿಂದ ಜಿಲ್ಲೆಯ ಅಡಿಕೆ ಧಾರಣೆ, ತಾಲ್ಲೂಕುವಾರು ಮಳೆ ಮತ್ತು ಜಲಾಶಯಗಳ ನೀರಿನ ಮಟ್ಟವನ್ನು ದಿನವೂ ಪ್ರಕಟಿಸುವ ಜಾಲತಾಣವೊಂದನ್ನು ನಡೆಸುತ್ತಿದ್ದೇವೆ. ಬೇಸಿಗೆಯಲ್ಲಿ ನೋಡುವವರು ಕಡಿಮೆ. ಆದರೆ ಲಿಂಗನಮಕ್ಕಿಯ ಮಟ್ಟ 1819 ಅಡಿಯ ಕಡೆಗೆ ಏರತೊಡಗಿದಾಗ, ಅಥವಾ ಆಗುಂಬೆಯ ಕಡೆ ಮಳೆ ಹಿಡಿದು ‘ನಾಳೆ ಶಾಲೆಗೆ ರಜೆ ಇದೆಯೇ’ ಎಂದು ಮನೆಮನೆಯಲ್ಲೂ ಕೇಳುವ ಸಂಜೆಗಳಲ್ಲಿ, ಅರ್ಧ ಗಂಟೆಯೊಳಗೆ ಸಾವಿರಾರು ಜನ ಒಟ್ಟಿಗೆ ಬರುತ್ತಾರೆ. ಪ್ರತಿಯೊಬ್ಬರಿಗೂ ಡೇಟಾಬೇಸ್‌ನಿಂದ ಪುಟ ಕಟ್ಟಿಕೊಡುವ ಶಕ್ತಿ ನಮ್ಮ ಸರ್ವರ್‌ಗೆ ಇಲ್ಲ. ನಾಲ್ಕು ಕೋರ್, 4 ಜಿಬಿ ಮೆಮೊರಿ, 40 ಜಿಬಿ ಡಿಸ್ಕ್ ಇರುವ ಬಾಡಿಗೆಯ ಯಂತ್ರ ಅದು. ಹೀಗಾಗಿ ಒಮ್ಮೆ ಕಟ್ಟಿದ ಪುಟವನ್ನು ಎಚ್‌ಟಿಎಂಎಲ್ ಫೈಲ್ ಆಗಿ ಡಿಸ್ಕಿನಲ್ಲಿ ಬರೆದಿಟ್ಟು, ಮುಂದಿನವರಿಗೆ ಅದನ್ನೇ ಕೊಡುವ ‘ಕ್ಯಾಶ್’ ವ್ಯವಸ್ಥೆಯನ್ನು ಪಿಎಚ್‌ಪಿಯಲ್ಲಿ ನಾವೇ ಬರೆದುಕೊಂಡಿದ್ದೇವೆ.

ಈ ವ್ಯವಸ್ಥೆಯೇ ಈಗ ನಮಗೆ ಭಾರವಾಗಿದೆ. ಹೋದ ವಾರ ಜಾಲತಾಣ ಇದ್ದಕ್ಕಿದ್ದಂತೆ ನಿಂತುಹೋಯಿತು. ದೋಷ ಸಂದೇಶ ನೋಡಿದರೆ ಡಿಸ್ಕಿನಲ್ಲಿ ಜಾಗವಿಲ್ಲ ಎಂದಿದೆ. ಡಿಸ್ಕ್ ನೋಡಿದರೆ ಅರ್ಧದಷ್ಟು ಜಾಗ ಖಾಲಿಯೇ ಇದೆ. ಒಂದು ಗಂಟೆ ತಡಕಾಡಿದ ಮೇಲೆ ಡಿಸ್ಕಿನ ಜಾಗ ತೋರಿಸುವ ಡಿಎಫ್ ಆಜ್ಞೆಗೆ ‘ಐ’ ಆಯ್ಕೆ ಸೇರಿಸಿ ನೋಡಿದಾಗ ಐನೋಡ್‌ಗಳು (ಪ್ರತಿ ಫೈಲಿಗೂ ಡಿಸ್ಕಿನಲ್ಲಿ ಬೇಕಾಗುವ ಒಂದೊಂದು ದಾಖಲೆ) ನೂರಕ್ಕೆ ನೂರು ಮುಗಿದಿರುವುದು ತಿಳಿಯಿತು. ಕ್ಯಾಶ್ ಫೋಲ್ಡರ್ ಒಂದರಲ್ಲೇ ಸುಮಾರು 24 ಲಕ್ಷ ಫೈಲ್‌ಗಳಿದ್ದವು.

ಏಳು ದಿನಕ್ಕಿಂತ ಹಳೆಯ ಫೈಲ್‌ಗಳನ್ನು ಫೈಲ್ ಹುಡುಕುವ ಫೈಂಡ್ ಆಜ್ಞೆಯಿಂದ ಅಳಿಸುವ ಕ್ರಾನ್ ಕೆಲಸವೊಂದನ್ನು (ನಿಗದಿತ ಹೊತ್ತಿಗೆ ತಾನಾಗಿ ನಡೆಯುವ ಕೆಲಸ) ಪ್ರತಿ ಆರು ಗಂಟೆಗೊಮ್ಮೆ ನಡೆಯುವಂತೆ ಹಿಂದೆಯೇ ಹಾಕಿದ್ದೆ. ಫೋಲ್ಡರ್ ಚಿಕ್ಕದಿದ್ದಾಗ ಆ ಕೆಲಸ ಎರಡು ನಿಮಿಷದಲ್ಲಿ ಮುಗಿಯುತ್ತಿತ್ತು. ಈಗ ಆರು ಗಂಟೆಯಲ್ಲೂ ಮುಗಿಯದೆ ಒಂದರ ಮೇಲೊಂದು ಶುರುವಾಗಿ, ಬೆಳಗಿನ ಜಾವ ನೋಡಿದಾಗ ನಾಲ್ಕು ಫೈಂಡ್‌ಗಳು ಒಂದೇ ಫೋಲ್ಡರಿನಲ್ಲಿ ಓಡುತ್ತಿದ್ದವು. ಯಂತ್ರದ ಮೇಲಿನ ಭಾರ ತೋರಿಸುವ ಟಾಪ್ ಪರದೆಯಲ್ಲಿ ಪ್ರೊಸೆಸರ್ ಹೆಚ್ಚೂಕಡಿಮೆ ಸುಮ್ಮನಿತ್ತು. ಡಿಸ್ಕಿಗಾಗಿ ಕಾಯುವ ‘ಡಬ್ಲ್ಯೂಎ’ ಅಂಕಿ ಮಾತ್ರ ತೊಂಬತ್ತರ ಮೇಲೆ ಹೋಗಿ ಕುಳಿತಿತ್ತು. ಅಳಿಸದಿದ್ದರೆ ಡಿಸ್ಕ್ ತುಂಬುತ್ತದೆ, ಅಳಿಸಲು ಹೊರಟರೆ ಜಾಲತಾಣ ನಿಲ್ಲುತ್ತದೆ.

ಇನ್ನೊಂದು ಸಂಗತಿಯೂ ನನಗೆ ಅರ್ಥವಾಗಿಲ್ಲ. ಏಳು ತಾಲ್ಲೂಕು, ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ನಾಲ್ಕು ಬಗೆ, ವರ್ಷಕ್ಕೆ 365 ದಿನ, ಹನ್ನೆರಡು ವರ್ಷ ಎಂದು ಧಾರಾಳವಾಗಿ ಲೆಕ್ಕ ಹಾಕಿದರೂ ಪುಟಗಳು 1,22,640 ಆಗುತ್ತವೆ. ಪ್ರತಿ ಪುಟಕ್ಕೆ ಸಾದಾ ಪ್ರತಿ ಮತ್ತು ಜಿಜಿಪ್ (ಕುಗ್ಗಿಸಿದ) ಪ್ರತಿ, ಮೊಬೈಲಿಗೊಂದು ಮತ್ತು ಕಂಪ್ಯೂಟರಿಗೊಂದು ಎಂದು ನಾಲ್ಕರಿಂದ ಗುಣಿಸಿದರೆ 4,90,560. ಉಳಿದ ಹತ್ತೊಂಬತ್ತು ಲಕ್ಷ ಎಲ್ಲಿಂದ ಬಂದವು? ತಿಳಿದವರು ದಾರಿ ತೋರಿಸಬೇಕೆಂದು ಕೋರುತ್ತೇನೆ.

ವರದಾಮೂಲ (ಸಾಗರ), ಸೋಮವಾರ ರಾತ್ರಿ 10.45

ತುಂಗಾತೀರ ಅವರೇ, ನಿಮ್ಮದೇ ಸ್ಥಿತಿಯನ್ನು ನಾನು ಎರಡು ಬಾರಿ ಅನುಭವಿಸಿದ್ದೇನೆ. ಮೊದಲು ಐನೋಡ್ ವಿಷಯವನ್ನು ಸ್ಪಷ್ಟಪಡಿಸುತ್ತೇನೆ, ಏಕೆಂದರೆ ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತದೆ.

ಇಎಕ್ಸ್‌ಟಿ4 ಫೈಲ್ ವ್ಯವಸ್ಥೆಯಲ್ಲಿ ಡಿಸ್ಕನ್ನು ಮೊದಲ ಬಾರಿ ಸಿದ್ಧಪಡಿಸುವಾಗಲೇ ಎಷ್ಟು ಫೈಲ್‌ಗಳನ್ನು ಇಡಬಹುದು ಎಂಬುದು ನಿಗದಿಯಾಗಿಬಿಡುತ್ತದೆ. ಬೇರೆ ಏನೂ ಹೇಳದಿದ್ದರೆ 16 ಕೆಬಿಗೆ ಒಂದು ಐನೋಡ್. 40 ಜಿಬಿ ಡಿಸ್ಕಿಗೆ 26,21,440 ಐನೋಡ್‌ಗಳು. ಆಪರೇಟಿಂಗ್ ಸಿಸ್ಟಂ ಮತ್ತು ಇತರ ತಂತ್ರಾಂಶಗಳಿಗೆ ಎರಡು ಲಕ್ಷ ಬಿಟ್ಟರೆ ಉಳಿಯುವುದು ನೀವು ಹೇಳಿದ 24 ಲಕ್ಷವೇ. ಈ ಸಂಖ್ಯೆಯನ್ನು ಆಮೇಲೆ ಹೆಚ್ಚಿಸಬೇಕಾದರೆ ಡಿಸ್ಕನ್ನೇ ದೊಡ್ಡದು ಮಾಡಬೇಕು, ಇಲ್ಲವೇ ಹೊಸದಾಗಿ ಸಿದ್ಧಪಡಿಸಬೇಕು. ಎಕ್ಸ್‌ಎಫ್‌ಎಸ್ ಎಂಬ ಇನ್ನೊಂದು ಫೈಲ್ ವ್ಯವಸ್ಥೆಯಲ್ಲಿ ಐನೋಡ್‌ಗಳು ಬೇಕಾದ ಹಾಗೆ ಹುಟ್ಟಿಕೊಳ್ಳುವುದರಿಂದ ಈ ಮಿತಿ ಬಾಧಿಸುವುದಿಲ್ಲ. ಆದರೆ ಅಲ್ಲಿಗೆ ಹೋದರೆ ನಿಮ್ಮ ಎರಡನೆಯ ತೊಂದರೆ ಇನ್ನೂ ದೊಡ್ಡದಾಗುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಆ ಎರಡನೆಯ ತೊಂದರೆ ಇದು: ಭಾರ ಇರುವುದು ಅಳಿಸುವುದರಲ್ಲಿ ಮಾತ್ರ ಎಂದು ನಾವು ಭಾವಿಸುತ್ತೇವೆ, ಆದರೆ ಹೆಚ್ಚಿನ ಭಾರ ಇರುವುದು ಹುಡುಕುವುದರಲ್ಲಿ. ‘ಏಳು ದಿನಕ್ಕಿಂತ ಹಳೆಯದು’ ಎಂದು ಫೈಂಡ್‌ಗೆ ಹೇಳಿದ ಕೂಡಲೇ ಅದು 24 ಲಕ್ಷ ಫೈಲ್‌ಗಳಲ್ಲಿ ಒಂದೊಂದರ ಐನೋಡನ್ನೂ ಡಿಸ್ಕಿನಿಂದ ಓದಿ ದಿನಾಂಕ ನೋಡಬೇಕು. ಒಂದು ಐನೋಡ್ 256 ಬೈಟ್, ಒಂದು 4096 ಬೈಟ್ ಬ್ಲಾಕಿನಲ್ಲಿ ಹದಿನಾರು. ಒಟ್ಟು ಸುಮಾರು 600 ಎಂಬಿ. ಸಾಲಾಗಿ ಓದಿದರೆ ಇದು ದೊಡ್ಡ ಮೊತ್ತವಲ್ಲ. ಆದರೆ ಕ್ಯಾಶ್‌ಗಳಲ್ಲಿ ಸಾಮಾನ್ಯವಾದ ಎಂಡಿ5 (ವಿಳಾಸದಿಂದ ಲೆಕ್ಕಹಾಕಿದ, ಅರ್ಥವಿಲ್ಲದ ಅಕ್ಷರ-ಅಂಕಿಗಳ ಸಾಲು) ಹೆಸರಿನ ಫೈಲ್‌ಗಳು ಡಿಸ್ಕಿನ ತುಂಬ ಚದುರಿರುವುದರಿಂದ ಅದು ಲಕ್ಷಾಂತರ ಬಿಡಿಬಿಡಿ ಓದುಗಳಾಗುತ್ತದೆ. ಅಳಿಸಬೇಕಾದದ್ದು ಹತ್ತೇ ಸಾವಿರ ಇದ್ದರೂ ಓದುವುದು 24 ಲಕ್ಷವನ್ನೇ.

ಇಷ್ಟಕ್ಕೇ ಮುಗಿಯುವುದಿಲ್ಲ. ಹಾಗೆ ಓದಿದ ಪ್ರತಿ ಐನೋಡನ್ನೂ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್, ಮೆಮೊರಿಯಲ್ಲಿ ಇಟ್ಟುಕೊಳ್ಳುತ್ತದೆ. ಅಲ್ಲಿ ಒಂದಕ್ಕೆ ಸುಮಾರು 1 ಕೆಬಿ ಬೇಕು. ನಿಮ್ಮ 4 ಜಿಬಿ ಯಂತ್ರದಲ್ಲಿ ಇದಕ್ಕೆ ಎರಡು ಜಿಬಿಗೂ ಹೆಚ್ಚು ಹೋಗಬಹುದು. ಆ ಜಾಗ ಮಾಡಿಕೊಡಲು ಕರ್ನಲ್ ಏನನ್ನು ಹೊರಹಾಕುತ್ತದೆ? ಜನರು ನಿಜವಾಗಿ ನೋಡುತ್ತಿದ್ದ, ಮೆಮೊರಿಯಲ್ಲಿ ಬೆಚ್ಚಗೆ ಕುಳಿತಿದ್ದ ಇಂದಿನ ಧಾರಣೆಯ ಪುಟಗಳನ್ನು. ಶುಚಿ ಕೆಲಸ ಮುಗಿದ ಮೇಲೂ ಒಂದು ತಾಸು ಜಾಲತಾಣ ನಿಧಾನವಾಗಿರುವುದನ್ನು ನೀವು ಗಮನಿಸಿರಬಹುದು. ಅದರ ಕಾರಣ ಇದೇ. ಕರ್ನಲ್ ಬಳಸುವ ಮೆಮೊರಿಯನ್ನು ತೋರಿಸುವ ಸ್ಲ್ಯಾಬ್‌ಟಾಪ್ ತೆರೆದು ನೋಡಿ, ಇಎಕ್ಸ್‌ಟಿ4 ಐನೋಡ್ ಕ್ಯಾಶ್ ಎಂಬ ಸಾಲು ಮೇಲೆಯೇ ಇರುತ್ತದೆ.

ಈ ರಾತ್ರಿಗೆ ಬೇಕಾದ ಚಿಕಿತ್ಸೆ ಹೀಗಿದೆ. ಕ್ರಾನ್ ಕೆಲಸವನ್ನು ನಿಲ್ಲಿಸಿ. ಕ್ಯಾಶ್ ಫೋಲ್ಡರಿನ ಹೆಸರನ್ನು ಬದಲಿಸಿ, ಅದೇ ಕ್ಷಣದಲ್ಲಿ ಅದರ ಜಾಗದಲ್ಲಿ ಖಾಲಿ ಫೋಲ್ಡರ್ ಮಾಡಿ. ಒಂದೇ ಫೈಲ್ ವ್ಯವಸ್ಥೆಯೊಳಗೆ ಹೆಸರು ಬದಲಿಸುವುದಕ್ಕೆ ಒಳಗೆ ಹತ್ತು ಫೈಲ್ ಇದ್ದರೂ ಹತ್ತು ಲಕ್ಷ ಇದ್ದರೂ ಒಂದೇ ಹೊತ್ತು. ಆಮೇಲೆ ಹಳೆಯ ಫೋಲ್ಡರನ್ನು ನಿಧಾನವಾಗಿ ಖಾಲಿ ಮಾಡಿ: ಸಾವಿರ ಫೈಲ್ ಅಳಿಸಿ, ಒಂದು ಸೆಕೆಂಡ್ ಸುಮ್ಮನಿರಿ, ಮತ್ತೆ ಸಾವಿರ. ಕಾಯುವ ಹೊತ್ತನ್ನಷ್ಟೇ ಲೆಕ್ಕ ಹಾಕಿದರೆ 24 ಲಕ್ಷಕ್ಕೆ ನಲವತ್ತು ನಿಮಿಷ. ಅಳಿಸುವ ಹೊತ್ತು ಸೇರಿ ಎರಡು ತಾಸು ಆಗಲಿ, ರಾತ್ರಿಯೆಲ್ಲ ಆಗಲಿ, ಏನೂ ನಷ್ಟವಿಲ್ಲ. ಏಕೆಂದರೆ ಆ ಫೋಲ್ಡರನ್ನು ಈಗ ಯಾರೂ ನೋಡುತ್ತಿಲ್ಲ. ಜಲಾಶಯ ತುಂಬಿದಾಗ ಕ್ರಸ್ಟ್ ಗೇಟುಗಳನ್ನು ಒಂದೇ ಸಲಕ್ಕೆ ಪೂರ್ತಿ ಎತ್ತದೆ ಸ್ವಲ್ಪಸ್ವಲ್ಪವೇ ಎತ್ತುತ್ತಾರಲ್ಲ, ಹಾಗೆ ಬಿಡಬೇಕು.

ತುಂಗಾತೀರ (ಶಿವಮೊಗ್ಗ), ಸೋಮವಾರ ರಾತ್ರಿ 11.30

ತುಂಬ ಧನ್ಯವಾದ. ಹೆಸರು ಬದಲಿಸಿದ ಕೂಡಲೇ ಜಾಲತಾಣ ಉಸಿರಾಡಿತು. ಆದರೆ ಒಂದು ಅನುಮಾನ: ಡಿಸ್ಕ್ ಬಳಕೆಯ ಆದ್ಯತೆ ಇಳಿಸುವ ಐಯೋನೈಸ್ ಆಜ್ಞೆಯಿಂದ ಅಳಿಸುವ ಕೆಲಸವನ್ನು ಕೊನೆಯ ಆದ್ಯತೆಗೆ ಹಾಕಿದರೆ ಈ ‘ಸಾವಿರಕ್ಕೊಮ್ಮೆ ನಿಲ್ಲು’ ಎಂಬ ಕಟ್ಟುಪಾಡು ಬೇಕೇ? ನಾನು ಹಿಂದೆಯೂ ಐಯೋನೈಸ್ ಹಾಕಿದ್ದೆ, ಏನೂ ವ್ಯತ್ಯಾಸ ಕಾಣಲಿಲ್ಲ.

ವರದಾಮೂಲ (ಸಾಗರ), ಸೋಮವಾರ ರಾತ್ರಿ 11.50

ವ್ಯತ್ಯಾಸ ಕಾಣದಿರಲು ಕಾರಣವಿದೆ. ಐಯೋನೈಸ್ ಎನ್ನುವುದು ಡಿಸ್ಕಿನ ಕೆಲಸಗಳ ಸರದಿ ನಿರ್ಧರಿಸುವ ಶೆಡ್ಯೂಲರ್‌ಗೆ ಮಾಡುವ ಒಂದು ಕೋರಿಕೆ. ಆ ಕೋರಿಕೆಯನ್ನು ಕೇಳಿಸಿಕೊಳ್ಳುವ ಶೆಡ್ಯೂಲರ್ ಇದ್ದರೆ ಮಾತ್ರ ಅದಕ್ಕೆ ಬೆಲೆ. ಹಿಂದೆ ಸಿಎಫ್‌ಕ್ಯೂ ಎಂಬ ಶೆಡ್ಯೂಲರ್ ಅದನ್ನು ಪಾಲಿಸುತ್ತಿತ್ತು, ಆದರೆ 2019ರಲ್ಲಿ ಬಂದ ಲಿನಕ್ಸ್ 5.0ರಲ್ಲಿ ಸಿಎಫ್‌ಕ್ಯೂವನ್ನೇ ತೆಗೆದುಹಾಕಿದರು. ಈಗ ಬಿಎಫ್‌ಕ್ಯೂ ಎಂಬುದು ಇದ್ದರೆ ಪಾಲಿಸುತ್ತದೆ. ಬಾಡಿಗೆ ಯಂತ್ರಗಳಲ್ಲಿ ಹೆಚ್ಚಾಗಿ ಶೆಡ್ಯೂಲರ್ ‘ನನ್’ (ಯಾವುದೂ ಇಲ್ಲ) ಎಂದೇ ಇರುತ್ತದೆ. ಅಲ್ಲಿ ನಿಮ್ಮ ಆದ್ಯತೆಯ ಮಾತನ್ನು ಕೇಳುವವರೇ ಇಲ್ಲ. ಆದ್ದರಿಂದ ಪ್ರೊಸೆಸರ್ ಆದ್ಯತೆ ಇಳಿಸುವ ನೈಸ್, ಐಯೋನೈಸ್ ಎರಡನ್ನೂ ಹಾಕಿ, ಆದರೆ ಅವುಗಳನ್ನೇ ನೆಚ್ಚಿಕೊಳ್ಳಬೇಡಿ. ನಡುನಡುವೆ ನಿಲ್ಲುವುದು ಎಲ್ಲ ಯಂತ್ರದಲ್ಲೂ ಕೆಲಸ ಮಾಡುತ್ತದೆ.

ಇನ್ನೊಂದು ಎಚ್ಚರಿಕೆಯನ್ನು ದಯವಿಟ್ಟು ಗಮನವಿಟ್ಟು ಓದಿ. ಫೈಂಡ್‌ನಲ್ಲಿ ‘ಡಿಲೀಟ್’ ಪದವನ್ನು ಯಾವಾಗಲೂ ಷರತ್ತುಗಳೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಬರೆಯಬೇಕು. ಅದನ್ನು ದಿನಾಂಕದ ಷರತ್ತಿಗಿಂತ ಮುಂಚೆ ಬರೆದರೆ, ಫೈಂಡ್ ಮೊದಲು ಅಳಿಸಿ ಆಮೇಲೆ ದಿನಾಂಕ ನೋಡುತ್ತದೆ. ನನ್ನ ಕೈಯಿಂದಲೇ ಒಮ್ಮೆ ಇಡೀ ಅಪ್‌ಲೋಡ್ ಫೋಲ್ಡರ್ ಹೀಗೆ ಹೋಗಿದೆ. ಹಾಗೆಯೇ ‘ಎಂಟೈಮ್ ಪ್ಲಸ್ 7’ ಎಂದರೆ ಏಳು ದಿನ ದಾಟಿದ್ದಲ್ಲ, ಪೂರ್ತಿ ಎಂಟು ದಿನ ತುಂಬಿದ್ದು. ಅದು ದಿನಗಳ ಭಿನ್ನಾಂಶವನ್ನು ಬಿಟ್ಟು ಲೆಕ್ಕ ಹಾಕುತ್ತದೆ.

ಕ್ರಾನ್ ಕೆಲಸ ಒಂದರ ಮೇಲೊಂದು ಬೀಳದಂತೆ ಎಫ್‌ಲಾಕ್ ಎಂಬ ಬೀಗದ ಆಜ್ಞೆ ಬಳಸಿ, ಹಿಂದಿನದು ಇನ್ನೂ ನಡೆಯುತ್ತಿದ್ದರೆ ಹೊಸದು ಸುಮ್ಮನೆ ಹಿಂತಿರುಗುವಂತೆ ಮಾಡಿ. ಒಂದು ಸಾಲಿನ ಕೆಲಸ.

ಕವಲೇದುರ್ಗ (ತೀರ್ಥಹಳ್ಳಿ), ಮಂಗಳವಾರ ಬೆಳಿಗ್ಗೆ 7.10

ಮೇಲಿನ ಸಲಹೆಗಳೆಲ್ಲ ಸರಿಯಾಗಿವೆ. ಆದರೆ ಹತ್ತೊಂಬತ್ತು ಲಕ್ಷ ಹೆಚ್ಚುವರಿ ಫೈಲ್‌ಗಳು ಎಲ್ಲಿಂದ ಬಂದವು ಎಂಬ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲ, ಮತ್ತು ನನ್ನ ದೃಷ್ಟಿಯಲ್ಲಿ ಅದೇ ಮುಖ್ಯ ಪ್ರಶ್ನೆ. ಬಸಿಗಾಲುವೆ ಕಟ್ಟಿಕೊಂಡಿರುವಾಗ ತೋಟದಿಂದ ನೀರು ಎತ್ತಿಹಾಕುತ್ತ ಕುಳಿತರೆ ಮಳೆ ಗೆಲ್ಲುತ್ತದೆ.

ತುಂಗಾತೀರ ಅವರೇ, ನಿಮ್ಮ ಕ್ಯಾಶ್ ಫೈಲಿನ ಹೆಸರು ಪೂರ್ತಿ ವಿಳಾಸದ ಎಂಡಿ5 ಎಂದು ಊಹಿಸುತ್ತೇನೆ. ಪೂರ್ತಿ ವಿಳಾಸ ಎಂದರೆ ಪ್ರಶ್ನಾರ್ಥಕ ಚಿಹ್ನೆಯ ನಂತರದ್ದೂ ಸೇರಿತು. ಫೇಸ್‌ಬುಕ್‌ನಲ್ಲಿ ಯಾರಾದರೂ ನಿಮ್ಮ ಕೊಂಡಿ ಒತ್ತಿದರೆ ಅದಕ್ಕೆ ‘ಎಫ್‌ಬಿಕ್ಲಿಡ್’ ಎಂಬ ಬಾಲವೊಂದು ಅಂಟಿಕೊಂಡು ಬರುತ್ತದೆ, ಮತ್ತು ಆ ಬಾಲ ಒತ್ತುವಿಕೆಯಿಂದ ಒತ್ತುವಿಕೆಗೆ ಬೇರೆಬೇರೆ. ಒಂದೇ ಧಾರಣೆ ಪುಟವನ್ನು ಸಾವಿರ ಜನ ಅಲ್ಲಿಂದ ಬಂದು ನೋಡಿದರೆ ನಿಮ್ಮ ವ್ಯವಸ್ಥೆಯ ಕಣ್ಣಿಗೆ ಅವು ಸಾವಿರ ಪುಟಗಳು; ಸಾವಿರ ಬಾರಿ ಡೇಟಾಬೇಸ್ ಕೇಳುತ್ತದೆ, ಸಾವಿರ ಫೈಲ್ ಬರೆಯುತ್ತದೆ, ಆ ಸಾವಿರದಲ್ಲಿ ಒಂದನ್ನೂ ಎರಡನೆಯ ಸಲ ಯಾರೂ ಕೇಳುವುದಿಲ್ಲ. ಜನ ಹೆಚ್ಚು ಬಂದ ದಿನವೇ ಕ್ಯಾಶ್ ನೆರವಿಗೆ ಬಾರದಿರುವುದು ಇದರಿಂದ. ‘ಯುಟಿಎಂ’ ಎಂದು ಶುರುವಾಗುವ ಬಾಲಗಳದ್ದೂ ಇದೇ ಕತೆ.

ಬಾಲಗಳ ಪಟ್ಟಿ ಮಾಡಿ ಒಂದೊಂದನ್ನೇ ಕತ್ತರಿಸುತ್ತ ಹೋಗಬೇಡಿ, ಹೊಸದು ಬರುತ್ತಲೇ ಇರುತ್ತದೆ. ಅದರ ಬದಲು ನಿಮ್ಮ ತಾಣಕ್ಕೆ ಅರ್ಥವಾಗುವ ಮೂರೇ ಅಂಶಗಳನ್ನು, ಅಂದರೆ ಮಾರುಕಟ್ಟೆ, ಬಗೆ ಮತ್ತು ದಿನಾಂಕ ಇವುಗಳನ್ನು ಮಾತ್ರ ತೆಗೆದುಕೊಂಡು, ಯಾವಾಗಲೂ ಒಂದೇ ಅನುಕ್ರಮದಲ್ಲಿ ಜೋಡಿಸಿ, ಅದರಿಂದ ಫೈಲಿನ ಹೆಸರು ಮಾಡಿ. ಉಳಿದದ್ದು ಏನೇ ಬರಲಿ, ಹೆಸರಿಗೆ ಸೇರಕೂಡದು.

ಇನ್ನು ಎರಡು ಜಾಗ ನೋಡಿ. ನಿಮ್ಮ ಪುಟದಲ್ಲಿ ‘ಮುಂದಿನ ತಿಂಗಳು’ ಎಂಬ ಕೊಂಡಿ ಇದ್ದರೆ, ಹುಡುಕುಯಂತ್ರಗಳ ಬಾಟ್‌ಗಳು ಅದನ್ನು ಒತ್ತುತ್ತ ಒತ್ತುತ್ತ 2060ರ ಅಡಿಕೆ ಧಾರಣೆಯವರೆಗೂ ಹೋಗುತ್ತವೆ, ಮತ್ತು ನಿಮ್ಮ ಸರ್ವರ್ ಪ್ರತಿಯೊಂದಕ್ಕೂ ‘ಮಾಹಿತಿ ಇಲ್ಲ’ ಎಂಬ ಪುಟವನ್ನು ಶ್ರದ್ಧೆಯಿಂದ ಬರೆದಿಡುತ್ತದೆ. ಇಲ್ಲದ ಪುಟಗಳಿಗೆ 404 (‘ಪುಟ ಸಿಗಲಿಲ್ಲ’ ಎಂಬ ಉತ್ತರ) ಕೊಡಿ, ಅದನ್ನು ಡಿಸ್ಕಿನಲ್ಲಿ ಇಡಬೇಡಿ. ಮುನ್ನೂರು ಬೈಟಿನ ಅಂಥ ಪುಟವೂ ಡಿಸ್ಕಿನಲ್ಲಿ 4 ಕೆಬಿಯ ಒಂದು ಬ್ಲಾಕನ್ನೂ ಒಂದು ಐನೋಡನ್ನೂ ಹಿಡಿಯುತ್ತದೆ.

ಎರಡನೆಯದು, ಎಲ್ಲವನ್ನೂ ಕ್ಯಾಶ್ ಮಾಡಬೇಕೆಂಬ ಹಟ ಏಕೆ? ಹತ್ತು ವರ್ಷ ಹಳೆಯ ಒಂದು ದಿನದ ಗೊರಬಲು ಧಾರಣೆಯ ಪುಟವನ್ನು ವರ್ಷಕ್ಕೊಮ್ಮೆ ಒಂದು ಬಾಟ್ ನೋಡಬಹುದು. ಅದನ್ನು ಕಟ್ಟಲು ತಗಲುವುದು ಒಂದು ಸಣ್ಣ ಡೇಟಾಬೇಸ್ ಪ್ರಶ್ನೆ. ಮೊದಲ ಸಲ ಕೇಳಿದಾಗ ಬರೆದಿಡಬೇಡಿ. ಎರಡನೆಯ ಅಥವಾ ಮೂರನೆಯ ಸಲ ಕೇಳಿದರೆ ಬರೆದಿಡಿ. ಎನ್‌ಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ತಂತ್ರಾಂಶದ ಕ್ಯಾಶ್‌ನಲ್ಲಿ ‘ಮಿನ್ ಯೂಸಸ್’ ಎಂಬ ಆಯ್ಕೆ ಇರುವುದು ಇದಕ್ಕಾಗಿಯೇ.

ಶರಾವತಿ ಹಿನ್ನೀರು (ಹೊಸನಗರ), ಮಂಗಳವಾರ ಮಧ್ಯಾಹ್ನ 1.05

ಇಷ್ಟೆಲ್ಲ ತೊಂದರೆ ಡಿಸ್ಕಿನಿಂದ ಬಂದಿರುವಾಗ ಕ್ಯಾಶನ್ನು ಮೆಮೊರಿಯಲ್ಲಿ ಮಾಹಿತಿ ಇಡುವ ರೆಡಿಸ್ ತಂತ್ರಾಂಶಕ್ಕೋ, ಮೆಮೊರಿಯಲ್ಲೇ ಇರುವ ಟಿಎಂಪಿಎಫ್‌ಎಸ್ ಎಂಬ ಫೈಲ್ ವ್ಯವಸ್ಥೆಗೋ ಸಾಗಿಸಿದರೆ ಆಗದೇ? ಅವಧಿ ಮುಗಿದದ್ದನ್ನು ರೆಡಿಸ್ ತಾನೇ ತೆಗೆದುಹಾಕುತ್ತದೆ, ಫೈಂಡ್ ಓಡಿಸುವ ಪ್ರಮೇಯವೇ ಇರುವುದಿಲ್ಲ.

ವರದಾಮೂಲ (ಸಾಗರ), ಮಂಗಳವಾರ ಮಧ್ಯಾಹ್ನ 2.30

ಹಿನ್ನೀರು ಅವರ ಮಾತು ಚಿಕ್ಕ ಕ್ಯಾಶ್‌ಗೆ ಸರಿ. ಇಲ್ಲಿ ಐದು ಲಕ್ಷ ಪುಟ, ಒಂದಕ್ಕೆ 12 ಕೆಬಿ ಎಂದರೂ 6 ಜಿಬಿ ಬೇಕು; ಯಂತ್ರದಲ್ಲಿ ಇರುವುದೇ 4 ಜಿಬಿ. ಇಂದಿನ ಮತ್ತು ನಿನ್ನೆಯ ಪುಟಗಳನ್ನು ಮಾತ್ರ ಮೆಮೊರಿಯಲ್ಲಿ ಇಡಬಹುದು, ಆದರೆ ಪದೇಪದೇ ಓದುವ ಫೈಲ್‌ಗಳನ್ನು ಲಿನಕ್ಸ್ ತಾನಾಗಿಯೇ ಮೆಮೊರಿಯಲ್ಲಿ ಇಟ್ಟುಕೊಂಡಿರುತ್ತದೆ. ಅದನ್ನು ಹೊರಗೆ ತಳ್ಳುವ ಕೆಲಸವನ್ನು ನಾವು ಮಾಡದಿದ್ದರೆ ಸಾಕು.

ಕವಲೇದುರ್ಗ ಅವರು ಹೇಳಿದ್ದನ್ನು ನಾನು ಪೂರ್ತಿ ಒಪ್ಪುತ್ತೇನೆ. ಹೆಸರುಗಳನ್ನು ಸರಿಪಡಿಸಿದ ಮೇಲೂ ಲಕ್ಷಗಟ್ಟಲೆ ಫೈಲ್ ಉಳಿಯುತ್ತವೆ. ಅವುಗಳಲ್ಲಿ ಹಳತನ್ನು ಹುಡುಕದೆಯೇ ಬಿಡಿಸುವ ಒಂದು ಪದ್ಧತಿಯನ್ನು ಹೇಳುತ್ತೇನೆ. ನಮ್ಮ ಮನೆಯ ಅಟ್ಟದಲ್ಲಿ ಅಡಿಕೆ ಚೀಲಗಳನ್ನು ಇಡುವಾಗ ಅಪ್ಪ ಪ್ರತಿ ಚೀಲದ ಮೇಲೆ ಇಸವಿ ಬರೆಯುತ್ತಿದ್ದರು, ಮತ್ತು ಒಂದೊಂದು ವರ್ಷದ್ದನ್ನು ಒಂದೊಂದು ಗೋಡೆಗೆ ಒರಗಿಸುತ್ತಿದ್ದರು. ಹಳೆಯ ಅಡಿಕೆ ಯಾವುದು ಎಂದು ತಿಳಿಯಲು ಯಾವ ಚೀಲದ ಬಾಯಿಯನ್ನೂ ಬಿಚ್ಚಬೇಕಾಗಿರಲಿಲ್ಲ. ಫೈಲ್‌ಗಳಿಗೂ ಅದನ್ನೇ ಮಾಡಬಹುದು.

‘ಈ ವಾರ’, ‘ಹೋದ ವಾರ’ ಎಂಬ ಎರಡು ಫೋಲ್ಡರ್ ಇಡಿ. ಪುಟ ಬೇಕಾದಾಗ ಪಿಎಚ್‌ಪಿ ಮೊದಲು ‘ಈ ವಾರ’ದಲ್ಲಿ ನೋಡುತ್ತದೆ. ಅಲ್ಲಿಲ್ಲದಿದ್ದರೆ ‘ಹೋದ ವಾರ’ದಲ್ಲಿ ನೋಡಿ, ಸಿಕ್ಕರೆ ರಿನೇಮ್ ಮಾಡಿ ‘ಈ ವಾರ’ಕ್ಕೆ ತಂದುಕೊಳ್ಳುತ್ತದೆ. ರಿನೇಮ್‌ನಲ್ಲಿ ಫೈಲಿನ ವಿಷಯ ಕದಲುವುದಿಲ್ಲ, ಹೆಸರಷ್ಟೇ ಬದಲಾಗುತ್ತದೆ, ಬರೆದ ದಿನಾಂಕವೂ ಹಾಗೆಯೇ ಉಳಿಯುತ್ತದೆ. ಎರಡರಲ್ಲೂ ಇಲ್ಲದಿದ್ದರೆ ಹೊಸದಾಗಿ ಕಟ್ಟಿ ‘ಈ ವಾರ’ದಲ್ಲಿ ಬರೆಯುತ್ತದೆ. ಭಾನುವಾರ ರಾತ್ರಿ ‘ಹೋದ ವಾರ’ವನ್ನು ‘ಕಸ’ ಎಂದು, ‘ಈ ವಾರ’ವನ್ನು ‘ಹೋದ ವಾರ’ ಎಂದು ಹೆಸರು ಬದಲಿಸಿ, ಹೊಸ ‘ಈ ವಾರ’ವನ್ನು ತೆರೆಯುವುದು. ಇಡೀ ವಾರ ಯಾರೂ ಮುಟ್ಟದ ಫೈಲ್‌ಗಳು ತಾವಾಗಿ ‘ಕಸ’ಕ್ಕೆ ಬಂದಿರುತ್ತವೆ. ಯಾವ ಫೈಲಿನ ದಿನಾಂಕವನ್ನೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ‘ಕಸ’ವನ್ನು ಸಾವಿರಕ್ಕೊಮ್ಮೆ ನಿಲ್ಲುತ್ತ ಅಳಿಸಿದರೆ ಆಯಿತು.

ಇಬ್ಬರು ಒಂದೇ ಪುಟವನ್ನು ಒಂದೇ ಕ್ಷಣದಲ್ಲಿ ಕೇಳಿದರೆ ಒಂದು ರಿನೇಮ್ ಸೋಲುತ್ತದೆ. ಆಗ ‘ಈ ವಾರ’ದಲ್ಲಿ ಇನ್ನೊಮ್ಮೆ ನೋಡಿದರೆ ಸಾಕು. ಪ್ರತಿ ಫೋಲ್ಡರಿನೊಳಗೆ ಎಂಡಿ5ನ ಒಂದು ಅಕ್ಷರಕ್ಕೆ ಹದಿನಾರು, ಅದರೊಳಗೆ ಎರಡು ಅಕ್ಷರಕ್ಕೆ 256 ಎಂದು ಒಟ್ಟು 4096 ಉಪಫೋಲ್ಡರ್‌ಗಳನ್ನು ಮೊದಲೇ ಮಾಡಿಡಿ. ಐದು ಲಕ್ಷ ಫೈಲ್‌ಗಳು ಹಂಚಿಹೋದರೆ ಒಂದರಲ್ಲಿ ಸುಮಾರು 120 ಮಾತ್ರ ಇರುತ್ತವೆ. ಒಂದೇ ಫೋಲ್ಡರಿನಲ್ಲಿ ಲಕ್ಷಗಟ್ಟಲೆ ಫೈಲ್ ಇದ್ದು ಆಮೇಲೆ ಅಳಿಸಿದರೆ, ಇಎಕ್ಸ್‌ಟಿ4ನಲ್ಲಿ ಆ ಫೋಲ್ಡರಿನ ಸ್ವಂತ ಗಾತ್ರ ಇಳಿಯುವುದಿಲ್ಲ. ಖಾಲಿಯಾದ ಮೇಲೂ ಫೈಲ್‌ಗಳ ಪಟ್ಟಿ ತೋರಿಸುವ ಎಲ್‌ಎಸ್ ಆಜ್ಞೆ ಕೊಟ್ಟರೆ ತಡವರಿಸುತ್ತದೆ. ಫೋಲ್ಡರನ್ನೇ ಹೊಸದು ಮಾಡುವ ಈ ಪದ್ಧತಿಯಲ್ಲಿ ಆ ತೊಂದರೆಯೂ ಇರುವುದಿಲ್ಲ.

ಬರೆಯುವಾಗ ನೇರವಾಗಿ ಫೈಲಿಗೆ ಬರೆಯದೆ, ಅದೇ ಡಿಸ್ಕಿನಲ್ಲಿ ತಾತ್ಕಾಲಿಕ ಹೆಸರಿನಲ್ಲಿ ಪೂರ್ತಿ ಬರೆದು ಕೊನೆಗೆ ರಿನೇಮ್ ಮಾಡಿ. ಇಲ್ಲದಿದ್ದರೆ ಅರ್ಧ ಬರೆದ ಧಾರಣೆ ಪಟ್ಟಿ ಯಾರದ್ದಾದರೂ ಮೊಬೈಲಿಗೆ ಹೋಗಿಬಿಡುತ್ತದೆ.

ಕಾಫಿತೋಟ (ಕೊಪ್ಪ), ಮಂಗಳವಾರ ಸಂಜೆ 6.15

ನಮ್ಮದು ಹಂಚಿಕೆಯ ಹೋಸ್ಟಿಂಗ್, ಸ್ವಂತ ಸರ್ವರ್ ಅಲ್ಲ. ಅಲ್ಲಿ ಎರಡೂವರೆ ಲಕ್ಷ ಫೈಲ್‌ಗಳ ಮಿತಿ ಇದೆ, ಮತ್ತು ಅಂಚೆಪೆಟ್ಟಿಗೆಯಲ್ಲಿರುವ ಇಮೇಲ್‌ಗಳೂ ಅದೇ ಲೆಕ್ಕಕ್ಕೆ ಸೇರುತ್ತವೆ ಎಂಬುದು ಖಾತೆಯನ್ನು ತಡೆಹಿಡಿದ ದಿನ ನಮಗೆ ತಿಳಿಯಿತು. ನಾವು ವರ್ಡ್‌ಪ್ರೆಸ್ ಬಳಸುತ್ತೇವೆ. ನಮ್ಮಂಥವರು ಏನು ಮಾಡಬೇಕು?

ಕವಲೇದುರ್ಗ (ತೀರ್ಥಹಳ್ಳಿ), ಮಂಗಳವಾರ ಸಂಜೆ 7.00

ಕ್ಯಾಶ್ ಪ್ಲಗಿನ್‌ನಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರುವ ವಿಳಾಸಗಳನ್ನು ಕ್ಯಾಶ್ ಮಾಡದಿರುವ ಆಯ್ಕೆ ಇದ್ದರೆ ಅದನ್ನು ಹಾಕಿ. ಎಲ್ಲ ಪುಟಗಳನ್ನೂ ಮೊದಲೇ ಕಟ್ಟಿಡುವ ‘ಪ್ರೀಲೋಡ್’ ಸೌಲಭ್ಯವನ್ನು ನಿಲ್ಲಿಸಿ. ವರ್ಡ್‌ಪ್ರೆಸ್‌ನ ಒಳಗಿನ ಕ್ರಾನ್ ಯಾರಾದರೂ ಪುಟ ತೆರೆದಾಗ ಶುರುವಾಗುವಂಥದ್ದು. ಜನ ಹೆಚ್ಚು ಇರುವ ಹೊತ್ತಿನಲ್ಲೇ ಶುಚಿ ಕೆಲಸ ಆರಂಭವಾಗುವ ಸಾಧ್ಯತೆ ಇರುತ್ತದೆ. ಅದನ್ನು ಸಂರಚನಾ ಫೈಲಿನಲ್ಲಿ ನಿಲ್ಲಿಸಿ, ಹೋಸ್ಟಿಂಗ್ ಫಲಕದಲ್ಲಿರುವ ನಿಜವಾದ ಕ್ರಾನ್‌ನಿಂದ ನಿಗದಿತ ಹೊತ್ತಿಗೆ ಓಡಿಸಿ. ಅಂಚೆಪೆಟ್ಟಿಗೆಯ ಸ್ಪ್ಯಾಮ್ ಖಾಲಿ ಮಾಡಿದರೂ ಸಾಕಷ್ಟು ಜಾಗ ಸಿಗುತ್ತದೆ.

ತುಂಗಾತೀರ (ಶಿವಮೊಗ್ಗ), ಗುರುವಾರ ರಾತ್ರಿ 8.40

ಎರಡು ದಿನ ಕುಳಿತು ಕೆಲಸ ಮಾಡಿದೆವು. ಕವಲೇದುರ್ಗ ಅವರ ಊಹೆ ಸರಿಯಾಗಿತ್ತು: ಸರ್ವರ್ ಲಾಗ್ ತೆಗೆದು ನೋಡಿದಾಗ ಹೆಚ್ಚಿನ ವಿಳಾಸಗಳ ಹಿಂದೆ ಎಫ್‌ಬಿಕ್ಲಿಡ್ ಬಾಲವಿತ್ತು, ಮತ್ತು ನಮ್ಮ ಕ್ಯಾಲೆಂಡರ್‌ನಲ್ಲಿ ಬಾಟ್‌ಗಳು ಮುಂದಿನ ದಶಕಗಳಲ್ಲಿ ಅಲೆಯುತ್ತಿದ್ದವು. ಹೆಸರಿಗೆ ಮೂರೇ ಅಂಶ ಸೇರುವಂತೆ ಮಾಡಿ, ನಾಳೆಯ ನಂತರದ ದಿನಾಂಕಗಳಿಗೆ 404 ಹಾಕಿದ್ದೇವೆ. ಹಳೆಯ 24 ಲಕ್ಷ ಫೈಲ್‌ಗಳು ಮಂಗಳವಾರ ರಾತ್ರಿಯಿಡೀ ನಿಧಾನವಾಗಿ ಅಳಿದವು. ನನ್ನ ಭಾವ ಎರಡು ಬಾರಿ ಎದ್ದು ಟಾಪ್ ನೋಡಿದರು; ಕಾಯುವ ಅಂಕಿ ಹತ್ತು ದಾಟಲಿಲ್ಲ.

ಆದರೆ ನಿನ್ನೆ ಸಂಜೆ ಹೊಸ ತೊಂದರೆ. ಮಳೆಯ ಕಾರಣಕ್ಕೆ ರಜೆಯ ಸುದ್ದಿ ಬರುವ ಹೊತ್ತು. ಮುಖಪುಟದ ಕ್ಯಾಶ್ ಅವಧಿ ಹತ್ತು ನಿಮಿಷ. ಏಳೂವರೆಗೆ ಸರಿಯಾಗಿ ಅದು ಮುಗಿದ ಕ್ಷಣದಲ್ಲಿ ಬಂದ ಇನ್ನೂರು ಮುನ್ನೂರು ಜನರಿಗೆ ಫೈಲ್ ಹಳತೆಂದು ಕಂಡು, ಅಷ್ಟೂ ಕೋರಿಕೆಗಳು ಒಟ್ಟಿಗೆ ಡೇಟಾಬೇಸ್ ಮೇಲೆ ಬಿದ್ದವು. ಮೂರು ನಿಮಿಷ ತಾಣ ತೆರೆಯಲಿಲ್ಲ. ಆ ಮೂರು ನಿಮಿಷವೇ ಜನರಿಗೆ ನಮ್ಮ ತಾಣ ಬೇಕಾಗಿತ್ತು ಎಂಬುದು ನಮಗೆ ಬಹಳ ನೋವಿನ ಸಂಗತಿ.

ವರದಾಮೂಲ (ಸಾಗರ), ಗುರುವಾರ ರಾತ್ರಿ 9.30

ಅವಧಿ ಮುಗಿಯುವುದು ಬೇರೆ, ಅಳಿಸುವ ವಯಸ್ಸಾಗುವುದು ಬೇರೆ. ಹತ್ತು ನಿಮಿಷ ದಾಟಿದ ಮುಖಪುಟ ತಾಜಾ ಅಲ್ಲ, ನಿಜ. ಆದರೆ ಹನ್ನೊಂದನೆಯ ನಿಮಿಷದಲ್ಲಿ ಅದನ್ನು ತೋರಿಸಿದರೆ ಯಾರಿಗೂ ಹಾನಿಯಿಲ್ಲ. ಆದ್ದರಿಂದ ಅವಧಿ ಮುಗಿದಿರುವುದನ್ನು ಮೊದಲು ಕಂಡ ಒಬ್ಬರಿಗೆ ಮಾತ್ರ ಬೀಗ ಸಿಗಲಿ, ಆ ಒಂದು ಕೋರಿಕೆ ಹೊಸ ಪುಟ ಕಟ್ಟಲಿ. ಬೀಗ ಸಿಗದ ಉಳಿದವರೆಲ್ಲರಿಗೂ ಕಾಯಿಸದೆ ಹಳೆಯ ಪುಟವನ್ನೇ ಕೊಡಿ. ಪಿಎಚ್‌ಪಿಯ ಎಫ್‌ಲಾಕ್‌ಗೆ ‘ಕಾಯಬೇಡ’ ಎಂಬ ಆಯ್ಕೆ ಇದೆ, ಅದನ್ನು ಮರೆಯದೆ ಹಾಕಬೇಕು. ಇಲ್ಲದಿದ್ದರೆ ಮುನ್ನೂರು ಪ್ರಕ್ರಿಯೆಗಳು ಬೀಗದ ಮುಂದೆ ಸಾಲುಗಟ್ಟಿ ನಿಲ್ಲುತ್ತವೆ. ಈ ವಿಚಾರ ಹೊಸದಲ್ಲ. 2010ರ ಆರ್‌ಎಫ್‌ಸಿ 5861 ಎಂಬ ಇಂಟರ್ನೆಟ್ ತಾಂತ್ರಿಕ ದಾಖಲೆಯಲ್ಲಿ ಎಚ್‌ಟಿಟಿಪಿ ಕ್ಯಾಶ್‌ಗಳಿಗಾಗಿ ‘ಹೊಸದಾಗುವವರೆಗೆ ಹಳತನ್ನು ಕೊಡು’ ಎಂಬ ಸೂಚನೆಯನ್ನೇ ಬರೆದಿದ್ದಾರೆ.

ಎರಡು ಫೋಲ್ಡರಿನ ಪದ್ಧತಿ ಇಲ್ಲಿಯೂ ನೆರವಿಗೆ ಬರುತ್ತದೆ. ಹಿಂದಿನ ಫೈಂಡ್ ಕ್ರಮದಲ್ಲಿ ಅವಧಿ ಮುಗಿದ ಕೂಡಲೇ ಅಳಿಸಿಬಿಟ್ಟರೆ ಕೊಡಲು ಹಳೆಯ ಪುಟವೇ ಉಳಿಯುತ್ತಿರಲಿಲ್ಲ.

ಒಳಪುಟಗಳ ಅವಧಿಗೆ ಒಂದೆರಡು ನಿಮಿಷದ ಏರುಪೇರನ್ನು ಯಾದೃಚ್ಛಿಕವಾಗಿ ಸೇರಿಸಿ; ಇಲ್ಲದಿದ್ದರೆ ಏಳು ತಾಲ್ಲೂಕಿನ ಪುಟಗಳೂ ಒಂದೇ ನಿಮಿಷದಲ್ಲಿ ಹಳತಾಗುತ್ತವೆ. ವಿನ್ಯಾಸ ಬದಲಿಸಿದಾಗ ‘ಎಲ್ಲವನ್ನೂ ಖಾಲಿ ಮಾಡು’ ಗುಂಡಿಯನ್ನು ಮಳೆಗಾಲದ ಸಂಜೆ ಒತ್ತಬೇಡಿ.

ಶರಾವತಿ ಹಿನ್ನೀರು (ಹೊಸನಗರ), ಶುಕ್ರವಾರ ಬೆಳಿಗ್ಗೆ 6.50

ಇದನ್ನೆಲ್ಲ ನಾವೇ ಬರೆಯುವ ಬದಲು ಎನ್‌ಜಿನ್‌ಎಕ್ಸ್‌ಗೆ ಬಿಡಬಹುದೇ ಎಂದು ಹುಡುಕಿದೆ. ಅದರ ಕ್ಯಾಶ್‌ನಲ್ಲಿ ಕೀಲಿಗಳ (ಪುಟಗಳ ಗುರುತುಗಳ) ಪಟ್ಟಿ ಮೆಮೊರಿಯಲ್ಲೇ ಇರುವುದರಿಂದ, ಯಾವುದು ಬಹಳ ದಿನ ಬಳಕೆಯಾಗಿಲ್ಲ ಎಂದು ತಿಳಿಯಲು ಡಿಸ್ಕನ್ನು ಜಾಲಾಡಬೇಕಾಗಿಲ್ಲ. 1 ಎಂಬಿಗೆ ಸುಮಾರು 8,000 ಕೀಲಿ; ಐದು ಲಕ್ಷಕ್ಕೆ 64 ಎಂಬಿ ಸಾಕು. ಅಳಿಸುವಾಗ ಒಂದು ಸುತ್ತಿಗೆ ನೂರು ಫೈಲ್, ನಡುವೆ 50 ಮಿಲಿಸೆಕೆಂಡ್ ವಿರಾಮ ಎಂಬುದು ಅದರ ಪೂರ್ವನಿಗದಿತ ಕ್ರಮ. ನೀವು ಹೇಳಿದ ‘ನಿಂತು ನಿಂತು ಅಳಿಸುವುದು’ ಅದರೊಳಗೇ ಇದೆ. ಹಳತನ್ನು ಕೊಡುವುದು, ಬೀಗ ಹಾಕುವುದು ಕೂಡ ತಲಾ ಒಂದು ಸಾಲಿನ ಸಂರಚನೆ.

ವರದಾಮೂಲ (ಸಾಗರ), ಶುಕ್ರವಾರ ಬೆಳಿಗ್ಗೆ 9.15

ಖಂಡಿತ ಬಿಡಬಹುದು, ಹೊಸದಾಗಿ ಶುರುಮಾಡುವವರಿಗೆ ನಾನು ಹೇಳುವುದೂ ಅದನ್ನೇ. ಎರಡು ಮಾತು ಗಮನದಲ್ಲಿರಲಿ. ‘ಇನ್‌ಆಕ್ಟಿವ್’ ಅವಧಿ ನೀವು ಹೇಳದಿದ್ದರೆ ಹತ್ತೇ ನಿಮಿಷ. ಅಷ್ಟರಲ್ಲಿ ಯಾರೂ ಕೇಳದ ಪುಟ, ತಾಜಾ ಇದ್ದರೂ, ಹೋಗಿಬಿಡುತ್ತದೆ. ಮತ್ತು ಗರಿಷ್ಠ ಗಾತ್ರವನ್ನು ಬರೆಯದೆ ಬಿಟ್ಟರೆ ಅದು ಡಿಸ್ಕ್ ತುಂಬುವವರೆಗೂ ಬೆಳೆಯಬಹುದು. ಹೊಸ ಧಾರಣೆ ಬಂದ ಕೂಡಲೇ ಒಂದೇ ಪುಟವನ್ನು ಅಳಿಸುವ ಸೌಲಭ್ಯ ಎನ್‌ಜಿನ್‌ಎಕ್ಸ್‌ನ ಉಚಿತ ಆವೃತ್ತಿಯಲ್ಲಿ ನೇರವಾಗಿ ಇಲ್ಲ. ತುಂಗಾತೀರ ಅವರ ತಾಣಕ್ಕೆ ಅದು ದಿನವೂ ಬೇಕು. ಅವರ ಮಟ್ಟಿಗೆ ಈಗಿರುವ ಪಿಎಚ್‌ಪಿ ವ್ಯವಸ್ಥೆಯೇ ಮುಂದುವರಿಯಲಿ ಎಂಬುದು ನನ್ನ ಅಭಿಪ್ರಾಯ.

ಬ್ಯಾಕಪ್ ಬಗ್ಗೆ ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ರಾತ್ರಿಯ ಬ್ಯಾಕಪ್ ಮತ್ತು ಫೈಲ್‌ಗಳ ಸೂಚಿ ತಯಾರಿಸುವ ಅಪ್‌ಡೇಟ್‌ಡಿಬಿ ಎರಡೂ ಕ್ಯಾಶ್ ಫೋಲ್ಡರಿನೊಳಗೆ ನುಗ್ಗುತ್ತವೆ. ಎರಡರಿಂದಲೂ ಅದನ್ನು ಹೊರಗಿಡಿ, ಇಲ್ಲದಿದ್ದರೆ ಫೈಂಡ್ ನಿಲ್ಲಿಸಿದ್ದು ವ್ಯರ್ಥವಾಗುತ್ತದೆ.

ತುಂಗಾತೀರ (ಶಿವಮೊಗ್ಗ), ಮುಂದಿನ ಮಂಗಳವಾರ ರಾತ್ರಿ 10.05

ಅಪ್‌ಡೇಟ್‌ಡಿಬಿ ನಿಜವಾಗಿಯೂ ಒಳಗೆ ಓಡುತ್ತಿತ್ತು, ಹೊರಗಿಟ್ಟೆ. ಭಾನುವಾರ ರಾತ್ರಿ ಮೊದಲ ಬಾರಿಗೆ ಫೋಲ್ಡರ್‌ಗಳ ಹೆಸರು ಬದಲಾಯಿತು. ನಿನ್ನೆ ಸಂಜೆ ಹೊಸನಗರ, ತೀರ್ಥಹಳ್ಳಿ ಕಡೆ ಜೋರು ಮಳೆ. ರಜೆಯ ಸುದ್ದಿಗಾಗಿ ಎಂದಿನಂತೆ ಜನ ಬಂದರು. ಏಳೂವರೆಗೆ ಸರಿಯಾಗಿ ನಾನು ಲಾಗ್ ತೆರೆದಿಟ್ಟುಕೊಂಡು ಕುಳಿತಿದ್ದೆ. ಮುಖಪುಟದ ಅವಧಿ ಮುಗಿದಾಗ ಡೇಟಾಬೇಸ್‌ಗೆ ಹೋದ ಕೋರಿಕೆ ಒಂದೇ ಒಂದು. ಉಳಿದವರಿಗೆಲ್ಲ ಒಂದೆರಡು ಸೆಕೆಂಡ್ ಹಳೆಯ ಪುಟ ಹೋಯಿತು, ಆಮೇಲೆ ಹೊಸದು.

ಮೊಬೈಲಿಗೆ ಬೇರೆ, ಕಂಪ್ಯೂಟರಿಗೆ ಬೇರೆ ಪ್ರತಿ ಇಡುವುದೊಂದು ಬಾಕಿ ಉಳಿದಿದೆ. ಒಂದೇ ಟೆಂಪ್ಲೇಟ್ ಎರಡಕ್ಕೂ ಹೊಂದುವಂತೆ ಮಾಡಿದರೆ 4,90,560 ಇದ್ದದ್ದು 2,45,280 ಆಗುತ್ತದೆ. ಟೆಂಪ್ಲೇಟ್ ಬರೆಯುವವರು ನನ್ನ ಭಾವ. ಕೊನೆಕೊಯ್ಲು ಮುಗಿದು ಅವರಿಗೆ ಬಿಡುವಾದ ಮೇಲೆ ಅದನ್ನು ಕೈಗೆತ್ತಿಕೊಳ್ಳುತ್ತೇವೆ.